ಫೋಲೇಟ್: ಗಿಡ ಅದನ್ನು ಎಲ್ಲಿ ತಯಾರಿಸುತ್ತದೆ, ಎಲ್ಲಿ ಇಟ್ಟುಕೊಳ್ಳುತ್ತದೆ, ತಟ್ಟೆಗೆ ಎಷ್ಟು ಬರುತ್ತದೆ?

ಪಥ್ಯದೀಪ
ಅಂಗನವಾಡಿ ತರಬೇತಿಯ ಕೈಪಿಡಿಯೊಂದರ ಕರಡು ಪರಿಶೀಲನೆಗೆ ಬಂದಿದೆ. ಫೋಲೇಟ್, ಅಂದರೆ ಬಿ9 ಜೀವಸತ್ವದ ಪುಟದಲ್ಲಿ ಮೂರು ವಾಕ್ಯಗಳಿವೆ. ಒಂದು, "ಫೋಲೇಟ್ ಎಲೆಯ ಪತ್ರಹರಿತಿನಲ್ಲಿ ತಯಾರಾಗಿ ಅಲ್ಲೇ ಶೇಖರವಾಗುತ್ತದೆ." ಎರಡು, "ಕಾಳನ್ನು ಮೊಳಕೆ ಕಟ್ಟಿದರೆ ಫೋಲೇಟ್ ನಾಲ್ಕು ಪಟ್ಟಾಗುತ್ತದೆ." ಮೂರು, "ಬೇಯಿಸಿದರೆ ಪೂರ್ತಿ ನಾಶವಾಗುತ್ತದೆ." ಮೂರರಲ್ಲೂ ಅರ್ಧ ಸತ್ಯವಿದೆ, ಹಾಗಾಗಿ ತಿದ್ದುವುದು ಕಷ್ಟವಾಗಿದೆ. ಗಿಡದ ಒಳಗೆ ನಡೆಯುವುದು ಸರಿಯಾಗಿ ತಿಳಿದರೆ ಉಳಿದದ್ದನ್ನು ಬರೆಯಬಹುದು. ಜೊತೆಗೆ ಇನ್ನೊಂದು ಪ್ರಶ್ನೆ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಬಿಳಿ ಅಕ್ಕಿಗೆ ಸುಮಾರು 9 ಮೈಕ್ರೋಗ್ರಾಂ, ಕಡಲೆಬೇಳೆಗೆ ಸುಮಾರು 180, ರಾಜ್ಮಾಗೆ 300ಕ್ಕೂ ಮೇಲೆ. ಎಲ್ಲವೂ ಬೀಜವೇ ಆಗಿರುವಾಗ ಇಷ್ಟು ಅಂತರ ಯಾಕೆ?

ಕೋಶಗಣಿತ
ಒಳ್ಳೆಯ ಪ್ರಶ್ನೆಗಳು. ಮೊದಲನೆಯ ವಾಕ್ಯವನ್ನು ನಾನು ತೆಗೆದುಕೊಳ್ಳುತ್ತೇನೆ.

ಫೋಲೇಟ್ ಮೂರು ತುಂಡುಗಳನ್ನು ಜೋಡಿಸಿ ಆದ ಅಣು. ತಲೆಯ ಕಡೆ ಟೆರಿನ್ ಎಂಬ ಜೋಡಿ ಉಂಗುರ, ನಡುವೆ ಪ್ಯಾರಾ ಅಮೈನೋ ಬೆಂಜೋಯಿಕ್ ಆಮ್ಲ, ಕೊನೆಯಲ್ಲಿ ಗ್ಲುಟಮೇಟ್ ಎಂಬ ಅಮೈನೋ ಆಮ್ಲಗಳ ಬಾಲ. ನಡುವಿನದನ್ನು ಎಲ್ಲರೂ ಪಾಬಾ ಅನ್ನುತ್ತಾರೆ, ಇಲ್ಲೂ ಹಾಗೇ ಕರೆಯೋಣ. ಗಿಡದ ವಿಶೇಷ ಏನೆಂದರೆ ಈ ತುಂಡುಗಳು ಜೀವಕೋಶದ ಬೇರೆ ಬೇರೆ ಕೋಣೆಗಳಲ್ಲಿ ತಯಾರಾಗುತ್ತವೆ, ಜೋಡಣೆ ಮೂರನೆಯ ಕೋಣೆಯಲ್ಲಿ ಆಗುತ್ತದೆ.

ಟೆರಿನ್ ಕೋಶದ್ರವ್ಯದಲ್ಲಿ ತಯಾರಾಗುತ್ತದೆ. ಕಚ್ಚಾಮಾಲು ಜಿಟಿಪಿ, ಆರ್‌ಎನ್‌ಎ ಕಟ್ಟಲು ಜೀವಕೋಶ ಬಳಸುವ ಸಣ್ಣ ಅಣು. ಜಿಟಿಪಿ ಸೈಕ್ಲೋಹೈಡ್ರೋಲೇಸ್ ಎಂಬ ಕಿಣ್ವ ಅದರ ಉಂಗುರ ಬಿಚ್ಚಿ, ಒಂದು ಇಂಗಾಲವನ್ನು ಫಾರ್ಮೇಟ್ ಆಗಿ ಹೊರಗೆ ಹಾಕಿ, ಮತ್ತೆ ಮುಚ್ಚುತ್ತದೆ. ಆಮೇಲೆ ಫಾಸ್ಫೇಟ್‌ಗಳು ಕಳಚುತ್ತವೆ. ಆಲ್ಡೊಲೇಸ್ ಕಿಣ್ವ ಪಕ್ಕದ ಸರಪಳಿಯಿಂದ ಎರಡು ಇಂಗಾಲದ ಗ್ಲೈಕಾಲ್ಡಿಹೈಡ್ ಕತ್ತರಿಸಿದರೆ ಟೆರಿನ್ ತುಂಡು ಸಿದ್ಧ.

ಪಾಬಾ ಪ್ಲಾಸ್ಟಿಡ್ ಎಂಬ ಕೋಣೆಯಲ್ಲಿ ತಯಾರಾಗುತ್ತದೆ. ಹಸಿರೆಲೆಯಲ್ಲಿ ಪ್ಲಾಸ್ಟಿಡ್ ಅಂದರೆ ಪತ್ರಹರಿತು ಇರುವ ಕ್ಲೋರೋಪ್ಲಾಸ್ಟ್. ಕೈಪಿಡಿ ಬರೆದವರಿಗೆ "ಪತ್ರಹರಿತು" ಎಂಬ ಮಾತು ಬಂದಿರುವುದು ಇಲ್ಲಿಂದಲೇ ಇರಬೇಕು. ಆದರೆ ಬೇರಿನಲ್ಲೂ ಬೀಜದಲ್ಲೂ ಹಸಿರಿಲ್ಲದ ಪ್ಲಾಸ್ಟಿಡ್‌ಗಳಿವೆ, ಅವೂ ಇದನ್ನು ಮಾಡುತ್ತವೆ. ಶಿಕಿಮೇಟ್ ಹಾದಿಯ ಕೊರಿಸ್ಮೇಟ್ ಇಲ್ಲಿ ಮೂಲವಸ್ತು. ಗ್ಲುಟಮಿನ್‌ನಿಂದ ಒಂದು ಸಾರಜನಕ ಪಡೆದು ಅಮೈನೋಡಿಯಾಕ್ಸಿಕೊರಿಸ್ಮೇಟ್ ಆಗುತ್ತದೆ, ಅದರಿಂದ ಪೈರುವೇಟ್ ಕಳಚಿದಾಗ ಪಾಬಾ ಉಳಿಯುತ್ತದೆ.

ಇವೆರಡೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಕೋಣೆಯಾದ ಮೈಟೋಕಾಂಡ್ರಿಯಾಕ್ಕೆ ಹೋಗಿ ಸೇರುತ್ತವೆ. ಅಲ್ಲಿ ಟೆರಿನ್‌ಗೆ ಶಕ್ತಿ ಹೊತ್ತ ಅಣುವಾದ ಎಟಿಪಿಯಿಂದ ಪೈರೋಫಾಸ್ಫೇಟ್ ಅಂಟುತ್ತದೆ, ಪಾಬಾ ಜೊತೆ ಬೆಸುಗೆಯಾಗುತ್ತದೆ. ಗಿಡದಲ್ಲಿ ಈ ಎರಡೂ ಕೆಲಸಗಳನ್ನು ಒಂದೇ ಪ್ರೋಟೀನು ಮಾಡುತ್ತದೆ. ನಂತರ ಮೊದಲ ಗ್ಲುಟಮೇಟ್ ಸೇರಿ ಡೈಹೈಡ್ರೋಫೋಲೇಟ್, ಅದು ಅಪಕರ್ಷಣಗೊಂಡು ಟೆಟ್ರಾಹೈಡ್ರೋಫೋಲೇಟ್. ಗಿಡಕ್ಕೆ ಕೆಲಸಕ್ಕೆ ಬರುವ ರೂಪ ಈ ಕೊನೆಯದು. ನಮ್ಮ ಮೈಟೋಕಾಂಡ್ರಿಯಾದಲ್ಲಿ ಈ ಬೆಸುಗೆಯ ಕಿಣ್ವವೇ ಇಲ್ಲ, ಹಾಗಾಗಿಯೇ ಫೋಲೇಟ್ ನಮಗೆ ಜೀವಸತ್ವ. ಪಾಬಾವನ್ನು ಹೋಲುವ ಸಲ್ಫಾ ಔಷಧಿಗಳು ಬ್ಯಾಕ್ಟೀರಿಯಾವನ್ನು ತಡೆದು ನಮ್ಮನ್ನು ಬಿಡುವುದೂ ಅದೇ ಕಾರಣಕ್ಕೆ. ಅವೇ ಔಷಧಿಗಳು ಗಿಡದಲ್ಲೂ ಇದೇ ಹಂತವನ್ನು ತಡೆಯುತ್ತವೆ.

ಬೀಜದಳ
@ಕೋಶಗಣಿತ ಸರ್, ತಯಾರಿಯ ಭಾಗ ಸ್ಪಷ್ಟವಾಯಿತು. "ಶೇಖರ" ಅನ್ನುವ ಪದವನ್ನೂ ಸ್ವಲ್ಪ ಬಿಡಿಸಿ. ಪಿಷ್ಟ ಅಥವಾ ಎಣ್ಣೆ ಶೇಖರವಾಗುವ ಹಾಗೆ ಫೋಲೇಟ್‌ಗೆ ಕಣಜ ಇದೆಯೇ?

ಕೋಶಗಣಿತ
ಇಲ್ಲ, ಮುಖ್ಯವಾದ ವಿಷಯ ಇದೇ. ಮುಂದಿನ ಬೆಳೆಗೆಂದು ಧಾನ್ಯ ತುಂಬಿಟ್ಟ ಹಾಗೆ ಗಿಡ ಫೋಲೇಟ್ ಇಟ್ಟುಕೊಳ್ಳುವುದಿಲ್ಲ. ಫೋಲೇಟ್ ಕೈಯಲ್ಲಿ ಹಿಡಿದಿರುವ ಉಪಕರಣದ ಹಾಗೆ. ಒಂದು ಇಂಗಾಲದ ತುಣುಕನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಡಿಎನ್‌ಎಯ ಥೈಮಿಡಿನ್, ಮಿಥಿಯೋನಿನ್, ಅದರ ಮೂಲಕ ಲಿಗ್ನಿನ್ ಮತ್ತು ಪತ್ರಹರಿತಿಗೆ ಬೇಕಾದ ಮೀಥೈಲ್ ಗುಂಪುಗಳು, ಎಲ್ಲಕ್ಕೂ ಅದು ಬೇಕು. ಎಲೆಯಲ್ಲಿ ಬೆಳಕಿರುವಾಗ ಇನ್ನೊಂದು ದೊಡ್ಡ ಕೆಲಸ ಸೇರುತ್ತದೆ: ಬೆಳಕಿನ ಉಸಿರಾಟದಲ್ಲಿ, ಅಂದರೆ ಬೆಳಕಿರುವಾಗ ಎಲೆ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುವ ಹಾದಿಯಲ್ಲಿ, ಎರಡು ಗ್ಲೈಸಿನ್ ಸೇರಿ ಒಂದು ಸೆರಿನ್ ಆಗುವುದು. ಬಟಾಣಿ ಎಲೆಯ ಮೈಟೋಕಾಂಡ್ರಿಯಾದೊಳಗೆ ಕರಗಿರುವ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದು ಕೆಲಸಕ್ಕೇ ಮೀಸಲು. ಆದ್ದರಿಂದ ಕೋಶ ವಿಭಜನೆ ಜೋರಾಗಿರುವ ಚಿಗುರು ತುದಿ, ಬೇರಿನ ತುದಿ, ಭ್ರೂಣ, ಮತ್ತು ಬಿಸಿಲಲ್ಲಿ ದುಡಿಯುವ ಎಲೆ, ಇಲ್ಲೆಲ್ಲ ಫೋಲೇಟ್ ಜಾಸ್ತಿ.

ಹಿಡಿದಿಟ್ಟುಕೊಳ್ಳುವುದಕ್ಕೆ ಗಿಡಕ್ಕೆ ಎರಡು ಉಪಾಯಗಳಿವೆ. ಒಂದು ಬಾಲ ಉದ್ದ ಮಾಡುವುದು. ಫೋಲಿಲ್‌ಪಾಲಿಗ್ಲುಟಮೇಟ್ ಸಿಂಥೇಸ್ ಎಂಬ ಕಿಣ್ವ ಗ್ಲುಟಮೇಟ್‌ಗಳನ್ನು ಒಂದರ ಹಿಂದೊಂದು, ಗಾಮಾ ಕೊಂಡಿಯಲ್ಲಿ ಪೋಣಿಸುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು. ಬಾಲ ಉದ್ದವಾದಷ್ಟೂ ಅಣುವಿಗೆ ಋಣ ವಿದ್ಯುದಂಶ ಜಾಸ್ತಿ, ಪೊರೆ ದಾಟಿ ಸೋರುವುದು ಕಷ್ಟ, ಕಿಣ್ವಗಳಿಗೆ ಅಂಟುವುದು ಗಟ್ಟಿ. ಎರಡನೆಯದು, ಪ್ರೋಟೀನಿಗೆ ಅಂಟಿ ಕೂರುವುದು. ಅಂಟಿದ ಫೋಲೇಟ್ ಒಡೆಯುವುದು ನಿಧಾನ.

ಜೀವಕೋಶದೊಳಗಿನ ನೀರುಚೀಲವಾದ ರಸದಾನಿಯಲ್ಲೂ (ವ್ಯಾಕ್ಯೂಲ್) ಗಣನೀಯ ಪಾಲು ಇರುತ್ತದೆ. ಬಟಾಣಿ ಎಲೆ ಮತ್ತು ಬೀಟ್‌ರೂಟ್‌ಗಳಲ್ಲಿ ಇದನ್ನು ಅಳೆದಿದ್ದಾರೆ, ಸಿಕ್ಕಿದ್ದು ಹೆಚ್ಚಾಗಿ 5-ಮೀಥೈಲ್ ರೂಪ, ಉದ್ದ ಬಾಲದ್ದು. ಬಾಲ ಕತ್ತರಿಸುವ ಗಾಮಾ ಗ್ಲುಟಮಿಲ್ ಹೈಡ್ರೋಲೇಸ್ ಕಿಣ್ವವೂ ಅದೇ ರಸದಾನಿಯಲ್ಲಿದೆ. ಕತ್ತರಿ ಮತ್ತು ದಾರ ಒಂದೇ ಡಬ್ಬಿಯಲ್ಲಿ. ಪ್ರಯೋಗಗಳಿಗೆ ಬಳಸುವ ಆರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಈ ಕಿಣ್ವವನ್ನು ಮೂರು ಪಟ್ಟು ಹೆಚ್ಚಿಸಿದಾಗ ಬಾಲ ಮೋಟಾಗಿ ಒಟ್ಟು ಫೋಲೇಟ್ ಶೇ. 40ರಷ್ಟು ಇಳಿಯಿತು. ಬಹುತೇಕ ಪೂರ್ತಿ ತಗ್ಗಿಸಿದಾಗ ಶೇ. 34ರಷ್ಟು ಏರಿತು. ತಯಾರಿಯ ಹಾದಿಯನ್ನು ಮುಟ್ಟದೆ ಬರೀ ಬಾಲ ಕಾಯ್ದದ್ದಕ್ಕೇ ಈ ಏರಿಕೆ.

ಪಾಬಾಕ್ಕೆ ಮಾತ್ರ ಕಣಜದಂಥದ್ದು ಇದೆ. ಗಿಡ ಅದನ್ನು ಗ್ಲೂಕೋಸ್‌ಗೆ ಕಟ್ಟಿ ಎಸ್ಟರ್ ಮಾಡಿ ರಸದಾನಿಯಲ್ಲಿಡುತ್ತದೆ, ಬೇಕಾದಾಗ ಬಿಚ್ಚಿಕೊಳ್ಳುತ್ತದೆ.

ಬೀಜದಳ
ಹಾಗಾದರೆ ಅಕ್ಕಿ–ಬೇಳೆ ಪ್ರಶ್ನೆಗೆ ಉತ್ತರ ಇದರಿಂದಲೇ ಹೊರಡುತ್ತದೆ. ಒಂದು ಕಡಲೆಬೇಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಆ ಅರ್ಧಗೋಳ ಒಂದು ಬೀಜದಳ, ಭ್ರೂಣದ್ದೇ ಅಂಗ. ಒಣಗಿ ಮಲಗಿದ್ದರೂ ಅದರ ಕೋಶಗಳು ಜೀವಂತ, ಒಳಗೆ ಮೈಟೋಕಾಂಡ್ರಿಯಾ ಇವೆ, ನೀರು ಸಿಕ್ಕ ಕೂಡಲೇ ಕೆಲಸ ಶುರು ಮಾಡುತ್ತವೆ. ಒಂದು ಅಕ್ಕಿಕಾಳನ್ನು ಪಕ್ಕದಲ್ಲಿಡಿ. ಒಂದು ತುದಿಯಲ್ಲಿ ಓರೆಯಾಗಿ ಕಚ್ಚಿದ ಹಾಗೆ ಸಣ್ಣ ತಗ್ಗು ಕಾಣುತ್ತದೆ. ಭ್ರೂಣ ಇದ್ದ ಜಾಗ ಅದು, ಗಿರಣಿಯಲ್ಲಿ ಉದುರಿಹೋಗಿದೆ. ತವುಡಿನ ಜೊತೆ ಜೀವಂತ ಹೊರಪದರವೂ ಹೋಗಿದೆ. ಉಳಿದಿರುವ ಬಿಳಿ ಭಾಗ ಪಿಷ್ಟ ತುಂಬಿದ ಎಂಡೋಸ್ಪರ್ಮ್, ಕಾಳು ಮಾಗುವ ಹೊತ್ತಿಗೇ ಅದರ ಕೋಶಗಳು ಸತ್ತಿರುತ್ತವೆ. ಉಪಕರಣ ಹಿಡಿಯುವ ಕೈಯೇ ಇಲ್ಲದ ಕಡೆ ಉಪಕರಣ ಎಲ್ಲಿಂದ ಬರಬೇಕು?

ಆದರೆ ಪಾಲಿಶ್ ಮಾಡದ ಅಕ್ಕಿ ತಿಂದರೆ ಫೋಲೇಟ್ ಕೊರತೆ ನೀಗುತ್ತದೆ ಅಂತ ಬರೆಯಬೇಡಿ. ಅದೇ ಕೋಷ್ಟಕದಲ್ಲಿ ಅದಕ್ಕೂ ಸುಮಾರು 11 ಅಷ್ಟೇ. ರಾಗಿ ಸುಮಾರು 35, ಜೋಳ 39. ಏಕದಳ ಧಾನ್ಯಗಳಲ್ಲಿ ಭ್ರೂಣ ಚಿಕ್ಕದು, ಹಾಗಾಗಿ ಇಡೀ ಕಾಳು ತಿಂದರೂ ದೊಡ್ಡ ಮೊತ್ತ ಬರುವುದಿಲ್ಲ.

ಪಥ್ಯದೀಪ
ಈ ವಿವರಣೆ ಕೈಪಿಡಿಗೆ ನೇರ ಹೋಗುತ್ತದೆ, ಧನ್ಯವಾದ. ಇನ್ನೊಂದು ಗೊಂದಲ: ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಒಣ ಹೆಸರುಕಾಳಿಗೆ 625, ಕಾಬೂಲಿ ಕಡಲೆಗೆ 557 ಇದೆ. ನಮ್ಮ ಕೋಷ್ಟಕದಲ್ಲಿ ಹೆಸರುಕಾಳು ಸುಮಾರು 145, ಕಡಲೆ ಸುಮಾರು 230. ಯಾವುದನ್ನು ಹಾಕಬೇಕು?

ಅಳತೆಗೋಲು
ತಳಿ, ಮಣ್ಣು, ಕಾಳಿನ ವಯಸ್ಸು ಎಲ್ಲ ಸೇರಿದರೂ ನಾಲ್ಕು ಪಟ್ಟು ವ್ಯತ್ಯಾಸ ಬರುವುದು ಕಷ್ಟ. ಫೋಲೇಟ್ ಅಂಕಿಗಳು ಹೀಗೆ ಚದುರುವುದಕ್ಕೆ ಸಾಮಾನ್ಯ ಕಾರಣ ಅಳೆಯುವ ವಿಧಾನ. ಎರಡು ಕೋಷ್ಟಕಗಳ ಅಂಕಿಗಳನ್ನು ಒಂದೇ ಪುಟದಲ್ಲಿ ಬೆರೆಸಬೇಡಿ. ಒಂದನ್ನೇ ಹಿಡಿದು ಅದರೊಳಗೇ ಹೋಲಿಸಿ.

ವಿಧಾನದ ಕಷ್ಟ ಗೊತ್ತಿದ್ದರೆ ಅಂಕಿ ಓದುವುದೂ ಸುಲಭ. ಫೋಲೇಟ್ ಪಿಷ್ಟದಲ್ಲಿ ಸಿಕ್ಕಿಕೊಂಡಿರುತ್ತದೆ, ಪ್ರೋಟೀನಿಗೆ ಅಂಟಿರುತ್ತದೆ, ಮೇಲೆ ಬಾಲ ಬೇರೆ. ಮೂರನ್ನೂ ಬಿಡಿಸಲು ಮೂರು ಕಿಣ್ವಗಳು: ಆಲ್ಫಾ ಅಮೈಲೇಸ್, ಪ್ರೋಟಿಯೇಸ್, ಬಾಲ ಕತ್ತರಿಸುವ ಕಾಂಜುಗೇಸ್. ಕಾಂಜುಗೇಸನ್ನು ಸಾಮಾನ್ಯವಾಗಿ ಇಲಿಯ ಸೀರಂನಿಂದ ಅಥವಾ ಕೋಳಿಯ ಮೇದೋಜೀರಕ ಗ್ರಂಥಿಯಿಂದ ತೆಗೆದುಕೊಳ್ಳುತ್ತಾರೆ. ಕೋಳಿಯದು ಎರಡು ಗ್ಲುಟಮೇಟ್ ಬಿಟ್ಟು ನಿಲ್ಲುತ್ತದೆ, ಇಲಿಯದು ಒಂದಕ್ಕೆ ಇಳಿಸುತ್ತದೆ. ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಬ್ಯಾಕ್ಟೀರಿಯಾ ಬೆಳೆಸಿ ಅಳೆಯುವವರಿಗೆ ಎರಡೂ ನಡೆಯುತ್ತದೆ, ಘಟಕಗಳನ್ನು ಬೇರ್ಪಡಿಸುವ ದ್ರವ ವರ್ಣರೇಖನ ಯಂತ್ರದಲ್ಲಿ ಅಳೆಯುವವರಿಗೆ ಒಂದಕ್ಕೇ ಇಳಿಸಬೇಕು.

ತಪ್ಪುಗಳು ಆಗುವ ಜಾಗಗಳು ಇವು. ಪ್ರೋಟಿಯೇಸ್ ಹಾಕಿದ ಮೇಲೆ ಕುದಿಸಿ ಅದನ್ನು ಸಾಯಿಸದಿದ್ದರೆ, ಮುಂದೆ ಹಾಕುವ ಕಾಂಜುಗೇಸನ್ನೇ ಅದು ತಿಂದುಬಿಡುತ್ತದೆ. ಬಾಲ ಪೂರ್ತಿ ಕಳಚದಿದ್ದರೆ ಉದ್ದ ಬಾಲದ ಫೋಲೇಟನ್ನು ಆ ಬ್ಯಾಕ್ಟೀರಿಯಾ ಸರಿಯಾಗಿ ಬಳಸುವುದಿಲ್ಲ, ಅಂಕಿ ಕಡಿಮೆ ಬರುತ್ತದೆ. ಸೀರಂನಲ್ಲಿ ಅದರದ್ದೇ ಫೋಲೇಟ್ ಇರುತ್ತದೆ. ಇದ್ದಿಲು ಪುಡಿಯಿಂದ ತೆಗೆದು, ಮಾದರಿ ಇಲ್ಲದ ಖಾಲಿ ಕೊಳವೆಯನ್ನೂ ಜೊತೆಗೆ ಓಡಿಸಿ ಕಳೆಯದಿದ್ದರೆ ಅಂಕಿ ಹೆಚ್ಚು ಬರುತ್ತದೆ. ಕಾಪಾಡುವ ದ್ರಾವಣದಲ್ಲಿ ಶೇ. 1ರಿಂದ 2 ಆಸ್ಕಾರ್ಬಿಕ್ ಆಮ್ಲ ಇಲ್ಲದಿದ್ದರೆ ಟೆಟ್ರಾಹೈಡ್ರೋಫೋಲೇಟ್ ಕಣ್ಣೆದುರೇ ಒಡೆಯುತ್ತದೆ. ಟೆರಿನ್‌ಗೂ ಪಾಬಾಕ್ಕೂ ನಡುವಿನ 9ನೇ ಇಂಗಾಲ–10ನೇ ಸಾರಜನಕದ ಕೊಂಡಿ ಕಡಿಯುವುದು. ಕಡಿದ ಮೇಲೆ ಎರಡೂ ತುಂಡುಗಳು ಕೊಳವೆಯಲ್ಲೇ ಇರುತ್ತವೆ, ಆದರೆ ಅವು ಜೀವಸತ್ವ ಅಲ್ಲ.

ಸೊಪ್ಪುಮಡಿ
ಅದೇ ಕೊಂಡಿ ಗಿಡದೊಳಗೂ ಕಡಿಯುತ್ತದೆ ಅಲ್ಲವೇ? ಕೊಯ್ದ ಸೊಪ್ಪಿನ ವಿಷಯಕ್ಕೆ ಇದು ಬಹಳ ಮುಖ್ಯ.

ಕೋಶಗಣಿತ
ಹೌದು. ಬದುಕಿರುವ ಗಿಡದಲ್ಲೂ ದಿನಕ್ಕೆ ಸುಮಾರು ಶೇ. 10ರಷ್ಟು ಫೋಲೇಟ್ ಒಡೆಯುತ್ತದೆ ಎಂಬ ಅಂದಾಜಿದೆ. ಗಿಡ ಎರಡು ದಾರಿಯಲ್ಲಿ ತುಂಬಿಕೊಳ್ಳುತ್ತದೆ: ಹೊಸದು ತಯಾರಿಸುತ್ತದೆ, ಒಡೆದ ಚೂರುಗಳನ್ನು ದುರಸ್ತಿ ಮಾಡಿ ಮರಳಿ ಬಳಸುತ್ತದೆ. ಟೆರಿನ್ ಚೂರನ್ನು ಅಪಕರ್ಷಿಸುವ ಕಿಣ್ವ, ಪಾಬಾಗ್ಲುಟಮೇಟ್ ಚೂರಿನಿಂದ ಪಾಬಾ ಬಿಡಿಸುವ ಕಿಣ್ವ ಎರಡೂ ಗಿಡದಲ್ಲಿವೆ. ಕೊಯ್ದ ಮೇಲೆ ತಯಾರಿ ಕುಗ್ಗುತ್ತದೆ, ಒಡೆಯುವುದು ನಿಲ್ಲುವುದಿಲ್ಲ.

ಸೊಪ್ಪುಮಡಿ
ಅದಕ್ಕೆ ಸರಿಯಾದ ಅಂಕಿ ಪಾಲಕ್‌ನಲ್ಲಿದೆ. ಕೊಯ್ದ ಪಾಲಕನ್ನು 4 ಡಿಗ್ರಿಯಲ್ಲಿ 8 ದಿನ, 10 ಡಿಗ್ರಿಯಲ್ಲಿ 6 ದಿನ, 20 ಡಿಗ್ರಿಯಲ್ಲಿ 4 ದಿನ ಇಟ್ಟಾಗ ಮೂರರಲ್ಲೂ ಉಳಿದದ್ದು ಶೇ. 53ರ ಆಸುಪಾಸು. ಅಂದರೆ ಫ್ರಿಜ್ ಮಾಡುವುದು ಸಮಯವನ್ನು ಎರಡು ಪಟ್ಟು ಎಳೆಯುವುದಷ್ಟೇ. ನಮ್ಮಲ್ಲಿ ಸಂಜೆ ಕೊಯ್ದು, ಬೆಳಗಿನ ಜಾವ ಮಾರುಕಟ್ಟೆ ಮುಟ್ಟಿ, ಗಾಡಿಯ ಮೇಲೆ 28–30 ಡಿಗ್ರಿಯಲ್ಲಿ ನೀರು ಚಿಮುಕಿಸಿಕೊಂಡು ಸಂಜೆವರೆಗೆ ಕೂರುವ ಕಟ್ಟಿನಲ್ಲಿ ಲೆಕ್ಕ ಇನ್ನೂ ಬೇಗ ಓಡುತ್ತದೆ. ನೀರು ಚಿಮುಕಿಸುವುದರಿಂದ ಎಲೆ ನಿಗುರಿ ನಿಲ್ಲುತ್ತದೆ, ತಂಪಾದಷ್ಟು ಲಾಭ. ಆದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಸೊಪ್ಪನ್ನು ತುರುಕಿದರೆ ಕಟ್ಟಿನ ನಡುವೆ ಬಿಸಿ ಏರಿ ಎಲೆ ಹಳದಿ ತಿರುಗುತ್ತದೆ. ಹಳದಿಯಾಗುವ ಎಲೆಯಲ್ಲಿ ಫೋಲೇಟ್ ಹಿಡಿದಿಟ್ಟುಕೊಂಡಿದ್ದ ಪ್ರೋಟೀನುಗಳೇ ಕರಗುತ್ತಿರುತ್ತವೆ.

ಮಾಡಬಹುದಾದ್ದು: ಬೇರು ಸಮೇತ ಕಿತ್ತು ಮಾರುವ ದಂಟು, ಕೊತ್ತಂಬರಿ, ಮೆಂತ್ಯವನ್ನು ಬೇರು ಕತ್ತರಿಸದೆ ಇಡಿ, ಮಣ್ಣು ಮಾತ್ರ ಕೊಡವಿ. ಒಣ ಬಟ್ಟೆಯಲ್ಲಿ ಸುತ್ತಿ, ಬಾಯಿ ಸಡಿಲವಿರುವ ಚೀಲದಲ್ಲಿ ಫ್ರಿಜ್‌ನ ಕೆಳಗಿನ ಡಬ್ಬಿಗೆ ಹಾಕಿ. ತೊಳೆಯುವುದು ಅಡುಗೆಗೆ ಮುಂಚೆ, ಹೆಚ್ಚುವುದು ತೊಳೆದ ಮೇಲೆ.

ಪಥ್ಯದೀಪ
@ಸೊಪ್ಪುಮಡಿ, ಬೆಳೆಯುವಾಗಲೇ ಹೆಚ್ಚಿಸಲು ದಾರಿ ಇದೆಯೇ? ಕೊತ್ತಂಬರಿಗೆ ಸ್ಯಾಲಿಸಿಲಿಕ್ ಆಮ್ಲ ಸಿಂಪಡಿಸುವ ವಿಷಯ ತರಬೇತಿಯೊಂದರಲ್ಲಿ ಪ್ರಸ್ತಾಪವಾಗಿತ್ತು.

ಸೊಪ್ಪುಮಡಿ
ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳ ಕೆಲಸ ಅದು. 250 ಮೈಕ್ರೋಮೋಲಾರ್ ಸ್ಯಾಲಿಸಿಲಿಕ್ ಆಮ್ಲ ಕೊಟ್ಟಾಗ ಕೊತ್ತಂಬರಿ ಸೊಪ್ಪಿನ ಫೋಲೇಟ್ ಸುಮಾರು ಎರಡು ಪಟ್ಟಾಯಿತು. ತೂಕದಲ್ಲಿ ಹೇಳುವುದಾದರೆ ಒಂದು ಲೀಟರ್ ನೀರಿಗೆ ಸುಮಾರು 35 ಮಿಲಿಗ್ರಾಂ, ಹತ್ತು ಲೀಟರಿಗೆ 350 ಮಿಲಿಗ್ರಾಂ. ಪುಡಿ ತಣ್ಣೀರಿನಲ್ಲಿ ನಿಧಾನ ಕರಗುತ್ತದೆ, ಸ್ವಲ್ಪ ಬಿಸಿನೀರಿನಲ್ಲಿ ಕದಡಿ ಆಮೇಲೆ ಸೇರಿಸಬೇಕು. ದಶಮಾಂಶ ತಪ್ಪಿ ಹತ್ತು ಪಟ್ಟು ಹಾಕಿದರೆ ಎಳೆ ಎಲೆಯ ಅಂಚು ಸುಡುವ ಅಪಾಯವಿದೆ. ಇದು ಪ್ರಯೋಗದ ಫಲಿತಾಂಶ, ಹೊಲದ ಶಿಫಾರಸು ಅಲ್ಲ. ಕೈಪಿಡಿಗೆ ಹಾಕಬೇಡಿ. ಬಿಸಿಲು ಚೆನ್ನಾಗಿ ಬೀಳುವ ಮಡಿ, ಎಳೆಯದಾಗಿರುವಾಗಲೇ ಕೊಯ್ಲು, ಕೊಯ್ದ ದಿನವೇ ಅಡುಗೆ: ಇವು ಮೂರಕ್ಕೂ ಖರ್ಚಿಲ್ಲ.

ಬೀಜದಳ
ಗಿಡದ ತಳಿಯನ್ನೇ ಬದಲಿಸಿ ಹೆಚ್ಚಿಸಿದ ಕಥೆಯನ್ನೂ ಹೇಳಿಬಿಡುತ್ತೇನೆ, ಮೇಲಿನ ಮೂರು ಕೋಣೆಗಳ ವಿವರಣೆಗೆ ಅದು ಅತ್ಯುತ್ತಮ ಪರೀಕ್ಷೆ.

ಟೊಮೇಟೊದಲ್ಲಿ ಮೊದಲು ಟೆರಿನ್ ಹಾದಿಯ ಸೈಕ್ಲೋಹೈಡ್ರೋಲೇಸ್ ಒಂದನ್ನೇ ಹೆಚ್ಚಿಸಿದರು. ಟೆರಿನ್ ರಾಶಿ ಬಿತ್ತು, ಫೋಲೇಟ್ ಸುಮಾರು ಎರಡು ಪಟ್ಟಿಗೆ ನಿಂತಿತು. ಕೊರತೆ ಪಾಬಾದ್ದು. 2007ರಲ್ಲಿ ಎರಡೂ ಹಾದಿಯ ವಂಶವಾಹಿಗಳನ್ನು ಕೂಡಿಸಿದಾಗ ಹಣ್ಣಿನಲ್ಲಿ ಸರಾಸರಿ 25 ಪಟ್ಟು ಬಂತು. ಅದೇ ವರ್ಷ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಅಕ್ಕಿಯಲ್ಲಿ ಅದನ್ನೇ ಮಾಡಿದರು. ಪಾಬಾ ಹಾದಿ ಮಾತ್ರ ಹೆಚ್ಚಿಸಿದ ಸಾಲುಗಳಲ್ಲಿ ಪಾಬಾ ತುಂಬಿಕೊಂಡಿತು, ಫೋಲೇಟ್ ಇದ್ದದ್ದಕ್ಕಿಂತ ಇಳಿಯಿತು. ಎರಡೂ ಸೇರಿದ ಸಾಲುಗಳಲ್ಲಿ 15ರಿಂದ 100 ಪಟ್ಟು, ಅತಿ ಹೆಚ್ಚೆಂದರೆ 100 ಗ್ರಾಂಗೆ 1,700 ಮೈಕ್ರೋಗ್ರಾಂ.

ಆಮೇಲೆ ತಗುಲಿದ್ದು ಇಟ್ಟುಕೊಳ್ಳುವ ತೊಡಕು. ಆ ಅಕ್ಕಿಯನ್ನು 28 ಡಿಗ್ರಿಯಲ್ಲಿ ನಾಲ್ಕು ತಿಂಗಳು ಇಟ್ಟರೆ ಅರ್ಧಕ್ಕಿಂತ ಹೆಚ್ಚು ಫೋಲೇಟ್ ಹೋಗಿತ್ತು. ತಯಾರಿ ಹೆಚ್ಚಾಗಿದೆ, ಹಿಡಿದುಕೊಳ್ಳುವ ಕೈ ಇಲ್ಲ. 2015ರಲ್ಲಿ ಅದೇ ಗುಂಪು ಬಾಲ ಪೋಣಿಸುವ ಕಿಣ್ವವನ್ನೂ, ಹಸುವಿನ ಹಾಲಿನಲ್ಲಿರುವ ಫೋಲೇಟ್ ಹಿಡಿಯುವ ಪ್ರೋಟೀನಿನ ಮಾದರಿಯನ್ನೂ ಕಾಳಿನಲ್ಲಿ ಸೇರಿಸಿತು. ಮೊತ್ತ 150 ಪಟ್ಟಿನವರೆಗೆ ಏರಿತು, ಶೇಖರಣೆಯಲ್ಲಿ ನಿಂತಿತು ಕೂಡ. ಕೋಶಗಣಿತ ಸರ್ ಹೇಳಿದ ಎರಡು ಉಪಾಯಗಳೇ ಇವು: ಉದ್ದ ಬಾಲ, ಪ್ರೋಟೀನಿನ ಹಿಡಿತ. ಆಲೂಗಡ್ಡೆಯಲ್ಲಿ ಮಾತ್ರ ಎರಡು ವಂಶವಾಹಿಗಳ ಉಪಾಯ ನಡೆಯಲಿಲ್ಲ. ಅಲ್ಲಿ ಇಕ್ಕಟ್ಟು ಮೈಟೋಕಾಂಡ್ರಿಯಾದ ಬೆಸುಗೆ ಮತ್ತು ಬಾಲದ ಹಂತಗಳಲ್ಲಿತ್ತು, ಅವನ್ನೂ ಸೇರಿಸಿದಾಗ 12 ಪಟ್ಟಿನವರೆಗೆ ಬಂತು.

ಪಥ್ಯದೀಪ
ನಮ್ಮ ಪಡಿತರದಲ್ಲಿ ಬರುವ ಸಾರವರ್ಧಿತ ಅಕ್ಕಿ ಇದಲ್ಲ ಅಂತ ಕೈಪಿಡಿಯಲ್ಲಿ ಸ್ಪಷ್ಟಪಡಿಸಬೇಕು, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಅಡುಗೆಮಾಪಕ
ಖಂಡಿತ. ಪಡಿತರದ್ದು ಕುಲಾಂತರಿ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ ಒಣಗಿಸಿ, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು. ತೊಳೆಯುವಾಗ ತೇಲುವ, ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣುವ ಆ ಕಾಳನ್ನು "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಬಿಸಾಡುವುದನ್ನು ತಡೆಯುವುದು ಕೈಪಿಡಿಯ ದೊಡ್ಡ ಕೆಲಸ. ಮಾನದಂಡದ ಪ್ರಕಾರ ಒಂದು ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅಂದರೆ 100 ಗ್ರಾಂಗೆ 7.5ರಿಂದ 12.5. ಆಹಾರದ ಜೊತೆ ತಿಂದ ಫೋಲಿಕ್ ಆಮ್ಲವನ್ನು 1.7ರಿಂದ ಗುಣಿಸಿ ಆಹಾರ ಫೋಲೇಟಿಗೆ ಸಮ ಮಾಡುತ್ತಾರೆ. ಹಾಗಾಗಿ 13ರಿಂದ 21 ಎಂದುಕೊಳ್ಳಿ. ಬಿಳಿ ಅಕ್ಕಿಯ ಸ್ವಂತ 9ರ ಮೇಲೆ ಇದು ಒಳ್ಳೆಯ ಸೇರ್ಪಡೆಯೇ. ಅನ್ನ ಬಸಿದು ಗಂಜಿ ಚೆಲ್ಲಿದರೆ ಒಂದಷ್ಟು ಅದರ ಜೊತೆ ಹೋಗುತ್ತದೆ.

ಫೋಲಿಕ್ ಆಮ್ಲ ಮತ್ತು ಫೋಲೇಟ್ ಎಂಬ ಎರಡು ಪದಗಳನ್ನು ಅದಲುಬದಲು ಬಳಸಬೇಡಿ. ಫೋಲಿಕ್ ಆಮ್ಲ ಪೂರ್ತಿ ಉತ್ಕರ್ಷಣಗೊಂಡ, ಗಟ್ಟಿಯಾದ, ಒಂಟಿ ಗ್ಲುಟಮೇಟಿನ ರೂಪ, ಮಾತ್ರೆಯಲ್ಲಿ ಇರುವುದು ಅದು. ಗಿಡದಲ್ಲಿರುವುದು ಸೂಕ್ಷ್ಮವಾದ, ಬಾಲವುಳ್ಳ ಫೋಲೇಟ್‌ಗಳು.

ಈಗ ಮೂರನೆಯ ವಾಕ್ಯ, "ಬೇಯಿಸಿದರೆ ಪೂರ್ತಿ ನಾಶ". ತಪ್ಪು. ಪಾಲಕನ್ನು ಮೂರೂವರೆ ನಿಮಿಷ ನೀರಿನಲ್ಲಿ ಕುದಿಸಿದಾಗ ಎಲೆಯಲ್ಲಿ ಉಳಿದದ್ದು ಸುಮಾರು ಅರ್ಧ. ನಾಲ್ಕೂವರೆ ನಿಮಿಷದವರೆಗೆ ಹಬೆಯಲ್ಲಿ ಬೇಯಿಸಿದಾಗ ಹೇಳಿಕೊಳ್ಳುವ ಇಳಿಕೆಯೇ ಇರಲಿಲ್ಲ. 2002ರಲ್ಲಿ ಪ್ರಕಟವಾದ ಅಳತೆ ಇದು. ಹೋದದ್ದರ ಬಹುಪಾಲು ನೀರಿಗೆ ಇಳಿದದ್ದು. ಬೆಂಕಿಗಿಂತ ಸೋಸುವ ಜರಡಿ ಇಲ್ಲಿ ದೊಡ್ಡ ಕಳ್ಳ.

ಅದಕ್ಕೇ ಬಸ್ಸಾರು ಮತ್ತು ಉಪ್ಸಾರು ಈ ಜೀವಸತ್ವಕ್ಕೆ ಹೇಳಿ ಮಾಡಿಸಿದ ಅಡುಗೆ. ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೇವೆ ನಿಜ, ಆದರೆ ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ. ಹುರುಳಿ ಕಟ್ಟಿನ ಸಾರೂ ಹಾಗೆಯೇ. ಹೋಲಿಸಿದರೆ ಪಾಲಕನ್ನು ಕುದಿಸಿ, ಹಸಿರು ಬಣ್ಣ ಉಳಿಯಲೆಂದು ತಣ್ಣೀರಿಗೆ ಹಾಕಿ, ಎರಡೂ ನೀರು ಚೆಲ್ಲಿ ರುಬ್ಬುವ ಹೋಟೆಲ್ ಪದ್ಧತಿಯಲ್ಲಿ ನಷ್ಟ ಜಾಸ್ತಿ. ಮನೆಯಲ್ಲಿ ಪಲ್ಯಕ್ಕಾದರೆ ತೊಳೆದ ಸೊಪ್ಪಿಗೆ ಅಂಟಿದ ನೀರು ಸಾಕು, ಮುಚ್ಚಳ ಮುಚ್ಚಿ ಮೂರು ನಾಲ್ಕು ನಿಮಿಷ. ಕುಕ್ಕರಿನಲ್ಲಿ ಬೇಳೆ ಬೇಯಿಸಿ ನೀರು ಸಮೇತ ಹುಳಿ ಮಾಡಿದರೆ ಇಳಿದದ್ದೂ ಪಾತ್ರೆಯಲ್ಲೇ ಇರುತ್ತದೆ. ಬೆಂದದ್ದನ್ನು ಮತ್ತೆ ಮತ್ತೆ ಕಾಯಿಸುವುದು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಇಡುವುದು ಮಾತ್ರ ಬೇಡ. ಎಲೆಯ ಸಿ ಜೀವಸತ್ವ ಮೊದಲು ಖಾಲಿಯಾಗುತ್ತದೆ, ಅದು ಕಾಯುತ್ತಿದ್ದ ಫೋಲೇಟ್ ಆಮೇಲೆ ಹೋಗುತ್ತದೆ.

ಬೀಜದಳ
ಮೊಳಕೆಯ ವಾಕ್ಯ ಬಾಕಿ. ನೆನೆದ ಕಾಳಿನಲ್ಲಿ ಭ್ರೂಣ ಎದ್ದು ಕೋಶ ವಿಭಜನೆ ಶುರುವಾಗುತ್ತದೆ, ಫೋಲೇಟ್ ಹೊಸದಾಗಿ ತಯಾರಾಗುತ್ತದೆ. ಹೆಸರು, ಸೋಯಾ ಕಾಳುಗಳ ಅಧ್ಯಯನಗಳಲ್ಲಿ ನಾಲ್ಕನೆಯ ದಿನದ ಹೊತ್ತಿಗೆ, ತಳಿಗೆ ತಕ್ಕಂತೆ, ಎರಡರಿಂದ ನಾಲ್ಕು ಪಟ್ಟು ಏರಿದ್ದು ನಿಜ. ಆದರೆ ನಾವು ಬಟ್ಟೆಯಲ್ಲಿ ಕಟ್ಟಿ ಮರುದಿನ ಬಿಚ್ಚುವ ಅರ್ಧ ಅಂಗುಲದ ಮೊಳಕೆ ನಾಲ್ಕನೆಯ ದಿನದ್ದಲ್ಲ.

ಅಳತೆಗೋಲು
ನೀರಿನ ಲೆಕ್ಕ ಮರೆತರೆ ಇಲ್ಲಿ ಎರಡೂ ಕಡೆ ಎಡವುತ್ತೇವೆ. ಅಮೆರಿಕದ ಕೋಷ್ಟಕವನ್ನೇ ತೆಗೆದುಕೊಳ್ಳಿ. ಒಣ ಹೆಸರುಕಾಳು 100 ಗ್ರಾಂಗೆ 625, ನೀರು ಶೇ. 9. ಉದ್ದ ಮೊಳಕೆ 100 ಗ್ರಾಂಗೆ 61, ನೀರು ಶೇ. 90. ನೋಡಿದರೆ ಹತ್ತನೇ ಒಂದಕ್ಕೆ ಇಳಿದ ಹಾಗಿದೆ. ನೀರು ಕಳೆದು 100 ಗ್ರಾಂ ಒಣ ಪದಾರ್ಥಕ್ಕೆ ಲೆಕ್ಕ ಹಾಕಿದರೆ ಕಾಳಿನದು ಸುಮಾರು 690, ಮೊಳಕೆಯದು ಸುಮಾರು 635. ಆ ಕೋಷ್ಟಕದ ಮಾದರಿಗಳಲ್ಲಿ ಏರಿಕೆಯೂ ಇಲ್ಲ, ದೊಡ್ಡ ಇಳಿಕೆಯೂ ಇಲ್ಲ. ಪ್ರಯೋಗದಲ್ಲಿ ಏರಿಕೆ ಕಂಡ ಮೊಳಕೆಗೂ ಮಾರುಕಟ್ಟೆಯ ಮೊಳಕೆಗೂ ತಳಿ, ದಿನ, ತಾಪ, ಇಟ್ಟ ಅವಧಿ ಬೇರೆ ಬೇರೆ. ಆದ್ದರಿಂದ "ನಾಲ್ಕು ಪಟ್ಟು" ಅಳಿಸಿ, "ಒಂದು ಹಿಡಿ ಕಾಳಿಗೆ ಹೆಚ್ಚಬಹುದು" ಅಂತ ಬರೆಯಿರಿ. ಹೋಲಿಕೆ ಮಾಡುವಾಗ ಹಾಕಿದ ಒಣ ಕಾಳಿನ ತೂಕ ಹಿಡಿಯಿರಿ.

ಅಡುಗೆಮಾಪಕ
ಇಡ್ಲಿ ಹಿಟ್ಟಿಗೂ ಇದೇ ಎಚ್ಚರಿಕೆ. "ಹುದುಗಿದರೆ ಫೋಲೇಟ್ ಹೆಚ್ಚುತ್ತದೆ" ಎಂದು ಸಾರಾಸಗಟಾಗಿ ಬರೆಯುತ್ತಾರೆ. ಯೀಸ್ಟ್ ತಯಾರಿಸುತ್ತದೆ, ಕೆಲವು ಬ್ಯಾಕ್ಟೀರಿಯಾ ತಯಾರಿಸುತ್ತವೆ, ಹಲವು ಲ್ಯಾಕ್ಟೋಬ್ಯಾಸಿಲಸ್‌ಗಳು ಬದಲಿಗೆ ತಿನ್ನುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ಗೆ ಪಾಬಾ ತಯಾರಿಸಲು ಬರುವುದಿಲ್ಲ, ಉದ್ದಿನಿಂದಲೋ ಅಕ್ಕಿಯಿಂದಲೋ ಪಾಬಾ ಸಿಕ್ಕಿದರೆ ಮಾತ್ರ ಫೋಲೇಟ್ ಮಾಡುತ್ತದೆ. ಯಾವ ಮನೆಯ ಹಿಟ್ಟಿನಲ್ಲಿ ಯಾವುದು ಮೇಲುಗೈ ಎಂಬುದರ ಮೇಲೆ ಫಲಿತಾಂಶ.

ಪಥ್ಯದೀಪ
ಗರ್ಭಿಣಿಯರ ಪುಟಕ್ಕೆ ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ದಿನಕ್ಕೆ ಬೇಕಾದ್ದು ಮಹಿಳೆಗೆ 220, ಗರ್ಭಿಣಿಗೆ 570, ಹಾಲೂಡಿಸುವ ತಾಯಿಗೆ 330 ಮೈಕ್ರೋಗ್ರಾಂ. ಭಾರತದ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಪಾಲಕ್ 142, ಅದನ್ನು ನೀರು ಚೆಲ್ಲದೆ ಬೇಯಿಸಿದರೂ ನೂರರ ಮೇಲೆ ಸಿಗುವುದು, 60 ಗ್ರಾಂ ಹುರುಳಿಯಿಂದ ಸುಮಾರು 100. ಸಾಮಾನ್ಯ ಮಹಿಳೆಗೆ ಇದು ದಾರಿ ಮಾಡಿಕೊಡುತ್ತದೆ. ಗರ್ಭಿಣಿಗೆ ಊಟವೊಂದೇ ಸಾಲದು, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವ ದಿನದ ಕಬ್ಬಿಣದ ಮಾತ್ರೆ ಬಿಡಬಾರದು. ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳುವುದರಿಂದ, ಫೋಲಿಕ್ ಆಮ್ಲದ ಮಾತ್ರೆ ಗರ್ಭಕ್ಕೆ ಮುಂಚೆಯೇ ಶುರುವಾಗಬೇಕು ಎಂದೂ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಅಡುಗೆಮಾಪಕ
ಸಸ್ಯಾಹಾರಿಗಳಿಗೆ ಬಿ12 ಸಾಲನ್ನೂ ಅದರ ಕೆಳಗೇ ಹಾಕಿ. ಫೋಲಿಕ್ ಆಮ್ಲ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗುತ್ತದೆ, ನರಗಳ ಹಾನಿ ಮುಂದುವರಿಯುತ್ತದೆ. ಸೊಪ್ಪಿನ ಫೋಲೇಟಿನಿಂದ ಆ ಮಟ್ಟ ಮುಟ್ಟುವ ಭಯವಿಲ್ಲ.

ಪಥ್ಯದೀಪ
ಕೊನೆಯದಾಗಿ, ನಮ್ಮ ಕೇಂದ್ರಗಳ ಬಸ್ಸಾರಿನಲ್ಲಿ ನಿಜಕ್ಕೂ ಎಷ್ಟಿದೆ ಎಂದು ಅಳೆಸುವ ಯೋಚನೆಯಿದೆ. ಮಾದರಿ ಹೇಗೆ ಕಳಿಸಬೇಕು?

ಅಳತೆಗೋಲು
ಸೊಪ್ಪು, ಕಟ್ಟು ಎರಡನ್ನೂ ಬೇರೆ ಬೇರೆ ತೆಗೆಯಿರಿ, ಇಡೀ ಪಾತ್ರೆಯ ತೂಕ ಮೊದಲು ಬರೆದುಕೊಳ್ಳಿ. ಪ್ರತಿಯೊಂದರಿಂದ ಐದಾರು ಜಾಗದಿಂದ ತೆಗೆದ 200 ಗ್ರಾಂ ಬೆರೆಸಿ, ಆಸ್ಕಾರ್ಬಿಕ್ ಆಮ್ಲ 100 ಗ್ರಾಂಗೆ 1 ಗ್ರಾಂನಂತೆ ಸೇರಿಸಿ, ಕಂದು ಬಾಟಲಿಗೆ ಕಂಠದವರೆಗೆ ತುಂಬಿ ಗಾಳಿಗೆ ಜಾಗ ಬಿಡಬೇಡಿ. ಗಾಜಾದರೆ ಹೆಪ್ಪುಗಟ್ಟುವಾಗ ಬಿರಿಯುತ್ತದೆ, ದಪ್ಪ ಪ್ಲಾಸ್ಟಿಕ್ ಇರಲಿ. ಕೂಡಲೇ ಒಣ ಮಂಜುಗಡ್ಡೆಯ ನಡುವೆ ಇಡಿ, ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಲು ಬಿಡಬೇಡಿ. ಬೇಯಿಸದ ಸೊಪ್ಪನ್ನೂ ಅದೇ ಸೊಪ್ಪಿನ ಕಂತೆಯಿಂದ ತೆಗೆದು ಕಳಿಸಿ, ಆದರೆ ಹಸಿಯದನ್ನು ಹೆಚ್ಚದೆ, ರುಬ್ಬದೆ, ಇಡೀ ಎಲೆಯಾಗಿ. ಹಸಿ ಎಲೆ ರುಬ್ಬಿದ ಕೂಡಲೇ ರಸದಾನಿಯ ಕಿಣ್ವ ಹೊರಬಂದು ಬಾಲ ಕತ್ತರಿಸಲು ಶುರು ಮಾಡುತ್ತದೆ. ಹಸಿ, ಬೆಂದ ಎರಡರ ತೇವಾಂಶವನ್ನೂ ಅಳೆಸಿ ಚೀಟಿಯಲ್ಲಿ ಬರೆಸಿ, ಇಲ್ಲದಿದ್ದರೆ ಮೇಲಿನ ಹೆಸರುಕಾಳಿನ ಗೊಂದಲವೇ ಮತ್ತೆ ಬರುತ್ತದೆ.